ಸುಂಕದಕಟ್ಟೆಯಿಂದ ಗಲ್ಲಾಪೆಟ್ಟಿಗೆಯವರೆಗೆ

‘ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ’ ಎಂಬ ಗಾದೆ ಕನ್ನಡ ನಾಡಿನ ಎಲ್ಲ ಕಡೆಯೂ ಬಳಕೆಯಲ್ಲಿದೆ. ಗಾದೆ ಹುಟ್ಟಿದ ಕಾಲದಲ್ಲಿ ಸುಂಕದವನು ಊರ ಹೊರಗೆ, ದಾರಿ ಬದಿಯ ಕಟ್ಟೆಯ ಮೇಲೆ ಕುಳಿತಿರುತ್ತಿದ್ದ. ಎತ್ತಿನ ಮೇಲೆ ಹೇರು ಹಾಕಿಕೊಂಡು ಬಂದ ವ್ಯಾಪಾರಿ ಅಲ್ಲಿ ನಿಲ್ಲಬೇಕು, ಸರಕು ತೋರಿಸಬೇಕು, ಕೇಳಿದಷ್ಟು ಕೊಟ್ಟು ಮುಂದೆ ಹೋಗಬೇಕು. ಮಳೆ ಬರಲಿಲ್ಲ, ಸಂತೆಯಲ್ಲಿ ವ್ಯಾಪಾರ ಆಗಲಿಲ್ಲ, ಮನೆಯಲ್ಲಿ ಕಾಯಿಲೆ ಎಂದರೆ ಕೇಳುವವರಿಲ್ಲ. ಬೆಂಗಳೂರಿನ ಮಾಗಡಿ ರಸ್ತೆಯ ಸುಂಕದಕಟ್ಟೆ ಈಗ ಜನನಿಬಿಡ ಬಡಾವಣೆ. ಆ ವ್ಯವಸ್ಥೆಯ ನೆನಪು ಅಲ್ಲಿ ಹೆಸರಿನಲ್ಲಿ ಮಾತ್ರ ಉಳಿದಿದೆ.

2025ರ ಜುಲೈನಲ್ಲಿ ಈ ಗಾದೆ ರಾಜ್ಯದ ಸಣ್ಣ ವ್ಯಾಪಾರಿಗಳ ಬಾಯಲ್ಲಿ ಮತ್ತೆ ಕೇಳಿಬಂದಿದ್ದರೆ ಆಶ್ಚರ್ಯವಿಲ್ಲ. ಯುಪಿಐ ಮೂಲಕ ಬಂದ ಹಣದ ಲೆಕ್ಕವನ್ನು ಆಧಾರವಾಗಿಟ್ಟುಕೊಂಡು ವಾಣಿಜ್ಯ ತೆರಿಗೆ ಇಲಾಖೆ ಸಾವಿರಾರು ವ್ಯಾಪಾರಿಗಳಿಗೆ ನೋಟಿಸ್ ಕಳುಹಿಸಿತು. ಬೇಕರಿ, ಕಾಂಡಿಮೆಂಟ್ಸ್, ಟೀ ಅಂಗಡಿಗಳವರು ಗಾಬರಿಯಾದರು. ತರಕಾರಿ ಮಾರುವವರಿಗೂ ನೋಟಿಸ್ ಬಂದಿತು. ಬೆಂಗಳೂರಿನ ಹಲವು ಅಂಗಡಿಗಳಲ್ಲಿ ಕ್ಯೂಆರ್ ಕೋಡ್ ಫಲಕ ಮಾಯವಾಗಿ ‘ನಗದು ಮಾತ್ರ’ ಎಂಬ ಚೀಟಿ ಅಂಟಿಕೊಂಡಿತು. ಇಪ್ಪತ್ತು ರೂಪಾಯಿ, ಮೂವತ್ತು ರೂಪಾಯಿಯಾಗಿ ಬಂದ ಹಣ ನಾಲ್ಕು ವರ್ಷದಲ್ಲಿ ಕೂಡಿ ಇಷ್ಟಾದೀತೆಂದು ಅನೇಕರು ಎಣಿಸಿಯೇ ಇರಲಿಲ್ಲ.

‘ಎಣಿಸಿಯೇ ಇರಲಿಲ್ಲ’ ಎಂಬ ಮಾತಿನಲ್ಲಿಯೇ ವಿಷಯದ ತಿರುಳಿದೆ. ಸಾವಿರ ವರ್ಷಗಳ ಕಾಲ ಸಣ್ಣ ವ್ಯಾಪಾರಿಯ ತೆರಿಗೆಯನ್ನು ಎಣಿಸುತ್ತಿದ್ದವನು ಬೇರೆಯವನು. ಇಂದಿನ ಕಾನೂನಿನಲ್ಲಿ ಆ ಕೆಲಸ ಅಂಗಡಿಯವನದೇ. ಈ ಬದಲಾವಣೆ ಹೇಗೆ ಆಯಿತೆಂದು ತಿಳಿಯದೆ ಹೊಸದಾಗಿ ಅಂಗಡಿ ಇಡುವವರಿಗೆ ತಮ್ಮ ಹೊಣೆ ಏನೆಂಬುದು ಅರ್ಥವಾಗುವುದು ಕಷ್ಟ. ಇದನ್ನು ನೋಡಲು ಕೋಲಾರ ಚಿನ್ನದ ಗಣಿ ಪ್ರದೇಶಕ್ಕಿಂತ ತಕ್ಕ ಜಾಗ ಮತ್ತೊಂದು ಸಿಗಲಾರದು.

ಗಣಿ ಊರಿನ ತೆರಿಗೆ

ಮೈಸೂರು, ಚಾಂಪಿಯನ್ ರೀಫ್, ಉರಿಗಾಂ ಮತ್ತು ನಂದಿದುರ್ಗ ಇವು ಕೆ.ಜಿ.ಎಫ್.ನ ಹೆಸರಾಂತ ನಾಲ್ಕು ಗಣಿಗಳು. ನಂದಿದುರ್ಗ ಎಂಬುದು ಆಗ ಬೆಟ್ಟದ ಹೆಸರಷ್ಟೇ ಆಗಿರದೆ ಆಡಳಿತ ವಿಭಾಗದ ಹೆಸರೂ ಆಗಿತ್ತು. ಬ್ರಿಟಿಷ್ ಕಮಿಷನರುಗಳ ಆಳ್ವಿಕೆಯಲ್ಲಿ ಬೆಂಗಳೂರು, ಕೋಲಾರ, ತುಮಕೂರು ಜಿಲ್ಲೆಗಳು ಸೇರಿ ನಂದಿದುರ್ಗ ವಿಭಾಗವಾಗಿದ್ದವು. 1880ರ ದಶಕದಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆಯ ಕೈಗೆ ಬಂದ ಗಣಿಗಾರಿಕೆ 1956ರಲ್ಲಿ ಮೈಸೂರು ಸರ್ಕಾರಕ್ಕೂ, 1962ರಲ್ಲಿ ಕೇಂದ್ರ ಸರ್ಕಾರಕ್ಕೂ ಸೇರಿತು. 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಕಂಪನಿ ಆಯಿತು. 2001ರ ಫೆಬ್ರುವರಿ 28ರಂದು ಗಣಿಗಳು ಮುಚ್ಚಿದವು.

ಈ ಊರಿನಲ್ಲಿ ತೆರಿಗೆ ಎಂದರೆ ಕಂಪನಿಯ ವಿಷಯವಾಗಿತ್ತು. ತೆಗೆದ ಚಿನ್ನದ ಬೆಲೆಯ ಮೇಲೆ ನೂರಕ್ಕೆ ಐದರಂತೆ ಮೈಸೂರು ಸರ್ಕಾರಕ್ಕೆ ರಾಯಧನ ಸಲ್ಲುತ್ತಿತ್ತು. ಲೆಕ್ಕ ಇಡಲು ಕಂಪನಿಗೆ ಗುಮಾಸ್ತರಿದ್ದರು. ಕಾರ್ಮಿಕನಿಗೆ ಆ ಚಿಂತೆ ಇರಲಿಲ್ಲ. ಸಂಬಳದ ಚೀಟಿಯಲ್ಲಿ ಹಿಡಿದುಕೊಳ್ಳಬೇಕಾದದ್ದನ್ನು ಹಿಡಿದುಕೊಂಡು ಉಳಿದದ್ದನ್ನು ಕೈಗೆ ಕೊಡುತ್ತಿದ್ದರು. 1976ರಲ್ಲಿ ಕರ್ನಾಟಕದಲ್ಲಿ ವೃತ್ತಿ ತೆರಿಗೆ ಕಾನೂನು ಬಂದಾಗಲೂ ಸಂಬಳದಾರರಿಂದ ಅದನ್ನು ಹಿಡಿದು ಕಟ್ಟುವ ಹೊಣೆ ಕೆಲಸ ಕೊಟ್ಟವರದೇ ಆಗಿತ್ತು. ಮೂರು ನಾಲ್ಕು ತಲೆಮಾರುಗಳು ಹೀಗೆ ಕಳೆದವು.

ಗಣಿ ಮುಚ್ಚಿದ ಮೇಲೆ ಸಾವಿರಾರು ಜನ ದಿನವೂ ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ದುಡಿಯಲು ಹೋಗತೊಡಗಿದರು. ಊರಿನಲ್ಲೇ ಉಳಿದವರಿಗೆ ಕಾಣುವ ಹತ್ತಿರದ ದಾರಿ ಸಣ್ಣ ವ್ಯಾಪಾರ. ಪ್ರಾವಿಷನ್ ಸ್ಟೋರ್, ಮೊಬೈಲ್ ರಿಪೇರಿ, ಟೈಲರಿಂಗ್, ತಳ್ಳುಗಾಡಿ, ಬೇಕರಿ ಇವಕ್ಕೆಲ್ಲ ಬಂಡವಾಳ ಸಾಲ ಅಥವಾ ಕೂಡಿಟ್ಟ ಹಣ. ಅಂಥ ಕುಟುಂಬಕ್ಕೆ ಒಮ್ಮೆಗೇ ಬರುವ ದೊಡ್ಡ ತೆರಿಗೆ ಬಾಕಿಯ ನೋಟಿಸ್ ಎಂದರೆ ಬಂಡವಾಳವೇ ಹೋದಂತೆ. ಸಂಬಳದ ಚೀಟಿಯ ಊರು ಕಿರ್ದಿ ಪುಸ್ತಕದ ಊರಾಗಿ ಬದಲಾಗಬೇಕಾದಾಗ ಎದುರಾಗುವ ಕಷ್ಟ ಇದು.

ಹೆಜ್ಜುಂಕ, ಕಿರುಕುಳ

ಸಂಸ್ಕೃತದ ‘ಶುಲ್ಕ’ ಕನ್ನಡದಲ್ಲಿ ‘ಸುಂಕ’ವಾಯಿತು. ‘ತೆರು’ ಎಂಬ ಅಚ್ಚಗನ್ನಡ ಧಾತುವಿನಿಂದ ‘ತೆರೆ’, ‘ತೆರಿಗೆ’ ಬಂದವು. ಕೋಲಾರ ಜಿಲ್ಲೆಯ ಶಾಸನಗಳನ್ನು ಬಿ.ಎಲ್. ರೈಸ್ ಅವರು ಎಪಿಗ್ರಾಫಿಯಾ ಕರ್ನಾಟಿಕದ ಹತ್ತನೆಯ ಸಂಪುಟವಾಗಿ 1905ರಲ್ಲಿ ಪ್ರಕಟಿಸಿದರು. ಗಂಗರು, ಚೋಳರು, ಹೊಯ್ಸಳರು, ವಿಜಯನಗರದವರು ಆಳಿದ ನೆಲ ಇದು. ಹೊಯ್ಸಳ ವಿಷ್ಣುವರ್ಧನನ ರಾಜ್ಯದ ಮೂಡಣ ಎಲ್ಲೆ ನಂಗಲಿ ಎಂದು ಶಾಸನಗಳು ಹೇಳುತ್ತವೆ. ಇಂದಿಗೂ ಮುಳಬಾಗಿಲು ತಾಲ್ಲೂಕಿನ ಆ ನಂಗಲಿ ಆಂಧ್ರದ ಕಡೆಯ ಗಡಿ ಊರೇ. ಎಲ್ಲೆ ಇದ್ದಲ್ಲಿ ಸುಂಕವೂ ಇರುತ್ತದೆ. ಆದ್ದರಿಂದ ಈ ಸೀಮೆಯ ವ್ಯಾಪಾರಿಗೆ ಸುಂಕ ಹೊಸದಲ್ಲ.

ಕನ್ನಡ ಶಾಸನಗಳಲ್ಲಿ ಬರುವ ಸುಂಕಗಳ ಹೆಸರುಗಳನ್ನು ನೋಡಿದರೆ ಅಂದಿನ ಲೆಕ್ಕದ ಬಗೆ ತಿಳಿಯುತ್ತದೆ. ದೊಡ್ಡ ಸರಕಿನ ಮೇಲೆ ‘ಹೆಜ್ಜುಂಕ’, ಚಿಲ್ಲರೆ ಸರಕಿನ ಮೇಲೆ ‘ಕಿರುಕುಳ’. ಇಂದು ತೊಂದರೆ, ಕಾಟ ಎಂಬ ಅರ್ಥದಲ್ಲಿ ಬಳಸುವ ಪದ ಒಂದು ಕಾಲಕ್ಕೆ ಸಣ್ಣ ಸುಂಕದ ಹೆಸರೂ ಆಗಿತ್ತೆಂಬುದು ಸ್ವಾರಸ್ಯದ ಸಂಗತಿ. ನೇಕಾರನಿಗೆ ಮಗ್ಗದೆರೆ, ಎಣ್ಣೆ ತೆಗೆಯುವವನಿಗೆ ಗಾಣದೆರೆ, ಅಂಗಡಿಯವನಿಗೆ ಅಂಗಡಿದೆರೆ. ಮದುವೆಗೂ ಸುಂಕವಿತ್ತು.

ಇವುಗಳಲ್ಲಿ ಒಂದು ಸಮಾನ ಗುಣವಿದೆ. ನೇಕಾರ ಎಷ್ಟು ಸೀರೆ ಮಾರಿದ, ಎಷ್ಟು ಲಾಭ ಮಾಡಿದ ಎಂದು ಯಾರೂ ಕೇಳುತ್ತಿರಲಿಲ್ಲ. ಮನೆಯಲ್ಲಿ ಎಷ್ಟು ಮಗ್ಗ ಇದೆ ಎಂದು ಎಣಿಸಿದರೆ ಸಾಕಾಗಿತ್ತು. ಗಾಣವಾಗಲಿ ಅಂಗಡಿಯಾಗಲಿ ಕಣ್ಣಿಗೆ ಕಾಣುವ ವಸ್ತು. ಅಧಿಕಾರಿ ಬಂದು ನೋಡಿ ಬರೆದುಕೊಂಡರೆ ಲೆಕ್ಕ ಮುಗಿಯಿತು. ಬರೆಯಲು ಬಾರದ ವ್ಯಾಪಾರಿಗೂ ತಾನು ಎಷ್ಟು ಕೊಡಬೇಕೆಂಬುದು ಮೊದಲೇ ಗೊತ್ತಿರುತ್ತಿತ್ತು. ಆದರೆ ಮಗ್ಗ ಓಡದ ವರ್ಷವೂ ಮಗ್ಗದೆರೆ ಕೊಡಬೇಕಾಗಿ ಬರುವುದು ಈ ಪದ್ಧತಿಯ ದೋಷ.

ಇದರಿಂದ ತಪ್ಪಿಸಿಕೊಳ್ಳಲು ಇದ್ದದ್ದು ಒಂದೇ ದಾರಿ, ದೊರೆಯ ಕೃಪೆ. ವಿಜಯನಗರದ ಸದಾಶಿವರಾಯನ ಕಾಲದ, ಅಂದರೆ ಹದಿನಾರನೆಯ ಶತಮಾನದ ಶಾಸನಗಳಲ್ಲಿ ಕೊಂಡೋಜ ಎಂಬ ಕ್ಷೌರಿಕನ ಹೆಸರು ಬರುತ್ತದೆ. ಅಳಿಯ ರಾಮರಾಯನ ಮೆಚ್ಚುಗೆ ಗಳಿಸಿದ ಆತ ತನಗೆ ಮಾತ್ರ ಏನನ್ನೂ ಕೇಳಿಕೊಳ್ಳದೆ, ತನ್ನ ಕಸುಬಿನ ಎಲ್ಲರಿಗೂ ತೆರಿಗೆ ಮತ್ತು ಬಿಟ್ಟಿ ದುಡಿಮೆಯಿಂದ ವಿನಾಯಿತಿ ಕೊಡಿಸಿದ. ಒಂದು ಸಣ್ಣ ವೃತ್ತಿಯವರಿಗೆ ದೊರೆತ ತೆರಿಗೆ ವಿನಾಯಿತಿಯನ್ನು ಕಲ್ಲಿನ ಮೇಲೆ ಕೊರೆಸಿದ್ದರೆಂದರೆ ಅದು ಎಷ್ಟು ಅಪರೂಪದ ಸಂಗತಿ ಎಂದು ಊಹಿಸಬಹುದು.

ಗುತ್ತಿಗೆಗೆ ಹೋದ ಸುಂಕ

ಹತ್ತೊಂಬತ್ತನೆಯ ಶತಮಾನದ ಮೈಸೂರು ದಾಖಲೆಗಳಲ್ಲಿ ಎರಡು ಪದಗಳು ಮತ್ತೆ ಮತ್ತೆ ಬರುತ್ತವೆ. ಒಂದು ‘ಮೊಹತರ್ಫಾ’. ಮನೆ, ಅಂಗಡಿ, ಮಗ್ಗ, ಗಾಣ ಮೊದಲಾದವುಗಳ ಮೇಲಿನ ತೆರಿಗೆ. ಹಳೆಯ ಮಗ್ಗದೆರೆ, ಗಾಣದೆರೆಗಳೇ ಹೊಸ ಹೆಸರಿನಲ್ಲಿ ಮುಂದುವರಿದದ್ದು. ಇನ್ನೊಂದು ‘ಸಾಯರ್’. ಸರಕು ಸಾಗಣೆ ಮತ್ತು ಮಾರಾಟದ ಮೇಲಿನ ಸುಂಕ.

ಸಾಯರ್ ವಸೂಲಿಯನ್ನು ಗುತ್ತಿಗೆಗೆ ಕೊಡುವ ರೂಢಿ ಇತ್ತು. ಗುತ್ತಿಗೆದಾರ ಸರ್ಕಾರಕ್ಕೆ ಗೊತ್ತುಪಡಿಸಿದ ಮೊತ್ತ ಕಟ್ಟಿದರೆ ಸಾಕು. ಅದಕ್ಕಿಂತ ಹೆಚ್ಚು ವಸೂಲಾದದ್ದು ಅವನದು. ಆದ್ದರಿಂದ ಕಟ್ಟೆಯಲ್ಲಿ ಕುಳಿತವನಿಗೆ ವ್ಯಾಪಾರಿಯಿಂದ ಎಷ್ಟು ಸಾಧ್ಯವೋ ಅಷ್ಟು ಕೀಳುವುದೇ ಲಾಭ. ಮಲೆನಾಡಿನ ಅಡಿಕೆ ಹೇರು ಘಟ್ಟದ ಕೆಳಗಿನ ವಾಲಾಜಾಪೇಟೆಗೆ ಹೋಗಬೇಕಾದರೆ ಒಂದಾದ ಮೇಲೊಂದರಂತೆ ಹಲವಾರು ಕಟ್ಟೆಗಳನ್ನು ದಾಟಬೇಕಿತ್ತು. ಕೆಲವು ಕಡೆ ಮೂಟೆ ಬಿಚ್ಚಿ ತೋರಿಸಬೇಕಿತ್ತು. ಗಾದೆಯ ಸುಂಕದವನು ಸುಖದುಃಖ ಕೇಳದಿದ್ದುದಕ್ಕೆ ಸ್ವಭಾವವೊಂದೇ ಕಾರಣವಲ್ಲ. ಅವನ ಹೊಟ್ಟೆಪಾಡು ಆ ಲೆಕ್ಕದ ಮೇಲೆಯೇ ನಿಂತಿತ್ತು.

1834ರಿಂದ 1861ರವರೆಗೆ ಮೈಸೂರಿನ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ ಅವರ ಕಾಲದಲ್ಲಿ ಇಂಥ 769 ಚಿಲ್ಲರೆ ತೆರಿಗೆಗಳನ್ನು ರದ್ದುಪಡಿಸಲಾಯಿತೆಂದು ರೈಸ್ ಅವರ ಮೈಸೂರು ಗೆಜೆಟಿಯರ್ ದಾಖಲಿಸುತ್ತದೆ. ಮದುವೆಗೆ, ಮಗು ಹುಟ್ಟಿದ್ದಕ್ಕೆ, ಅದಕ್ಕೆ ಹೆಸರಿಟ್ಟಿದ್ದಕ್ಕೆ, ತಲೆ ಬೋಳಿಸಿದ್ದಕ್ಕೆ ಕೂಡ ತೆರಿಗೆ ಇತ್ತು. ಒಂದು ಊರಿನವರಂತೂ ತಮ್ಮ ಹಿರಿಯರು ಯಾವುದೋ ಕಾಲದಲ್ಲಿ ಪಾಳೆಗಾರನ ತಪ್ಪಿಸಿಕೊಂಡ ಕುದುರೆಯನ್ನು ಹುಡುಕಿಕೊಡಲಿಲ್ಲ ಎಂಬ ಕಾರಣಕ್ಕೆ ತೆರಿಗೆ ಕೊಡುತ್ತಿದ್ದರಂತೆ. ಒಮ್ಮೆ ಲೆಕ್ಕದ ಪುಸ್ತಕ ಸೇರಿದ ತೆರಿಗೆ ತಾನಾಗಿ ಹೊರಗೆ ಹೋಗುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಕಟ್ಟೆಗಳ ಕಾಟ ಕಡಿಮೆಯಾದ ಹೊತ್ತಿಗೆ ರೈಲು ಬಂತು. 1864ರಲ್ಲಿ ಜೋಲಾರಪೇಟೆ–ಬೆಂಗಳೂರು ಮಾರ್ಗ ಆರಂಭವಾಯಿತು. ಆ ಹಾದಿಯ ನಿಲ್ದಾಣದ ಊರಿಗೆ ಚೀಫ್ ಕಮಿಷನರ್ ಲೂಯಿನ್ ಬೌರಿಂಗ್ ಅವರ ಹೆಸರಿನಿಂದ ಬೌರಿಂಗ್‌ಪೇಟೆ ಎಂಬ ಹೆಸರಾಯಿತು. ಇಂದಿನ ಬಂಗಾರಪೇಟೆ ಅದೇ. 1894ರಲ್ಲಿ ಅಲ್ಲಿಂದ ಮಾರಿಕುಪ್ಪಂಗೆ ಕವಲು ಮಾರ್ಗ, 1913ರಲ್ಲಿ ಕೋಲಾರಕ್ಕೆ ಕಿರುಹಳಿ ಆದವು. ಗಣಿ ಊರಿನ ಅಕ್ಕಿ, ಬೇಳೆ, ಬಟ್ಟೆ ಎಲ್ಲವೂ ಬಂಗಾರಪೇಟೆಯನ್ನು ಹಾದು ಬರತೊಡಗಿದ ಮೇಲೆ ಪೇಟೆ ಬೆಳೆಯಿತು. ರಾಬರ್ಟ್‌ಸನ್‌ಪೇಟೆಯಲ್ಲಿ ಅಂಗಡಿ ಸಾಲುಗಳು ಎದ್ದವು.

ಮಗ್ಗ ಬಿಟ್ಟು ಮಾರಾಟಕ್ಕೆ

1857ರ ದಂಗೆಯ ನಂತರ ಬರಿದಾದ ಬೊಕ್ಕಸ ತುಂಬಲು ಜೇಮ್ಸ್ ವಿಲ್ಸನ್ 1860ರಲ್ಲಿ ಬ್ರಿಟಿಷ್ ಇಂಡಿಯಾದಲ್ಲಿ ಆದಾಯ ತೆರಿಗೆ ತಂದರು. ವರ್ಷಕ್ಕೆ 200 ರೂಪಾಯಿ ಆದಾಯ ಉಳ್ಳವರೂ ಅದರ ವ್ಯಾಪ್ತಿಗೆ ಬಂದರು. ಅಂಗಡಿ ಎಷ್ಟಿದೆ ಎಂಬುದರ ಬದಲು ಅಂಗಡಿಯಿಂದ ಎಷ್ಟು ಬಂತು ಎಂಬ ಪ್ರಶ್ನೆ ಮೊದಲ ಬಾರಿಗೆ ಎದ್ದಿತು. ಇದು ಕಣ್ಣಿಗೆ ಕಾಣುವ ಲೆಕ್ಕವಲ್ಲ. ವ್ಯಾಪಾರಿ ಹೇಳಬೇಕು, ಅಧಿಕಾರಿ ನಂಬಬೇಕು. ನಂಬದಿದ್ದರೆ ಪುಸ್ತಕ ತೋರಿಸಬೇಕು. ಮೈಸೂರು ಸಂಸ್ಥಾನಕ್ಕೆ 1920ರ ದಶಕದಲ್ಲಿ ತನ್ನದೇ ಆದಾಯ ತೆರಿಗೆ ಕಾನೂನು ಬಂದಿತು. 1950ರಲ್ಲಿ ಭಾರತದ ಕಾನೂನು ಇಲ್ಲಿಗೂ ವಿಸ್ತರಿಸಿತು.

ಮಾರಾಟ ತೆರಿಗೆ ಬಂದದ್ದು ಇನ್ನೂ ತಡವಾಗಿ. ರಾಜಾಜಿಯವರ ಸರ್ಕಾರದ ಕಾಲದಲ್ಲಿ, 1939ರಲ್ಲಿ, ಮದರಾಸು ಪ್ರಾಂತ್ಯ ಸಾಮಾನ್ಯ ಮಾರಾಟ ತೆರಿಗೆ ಜಾರಿಗೆ ತಂದಿತು. ವರ್ಷಕ್ಕೆ 10,000 ರೂಪಾಯಿಗಿಂತ ಕಡಿಮೆ ವಹಿವಾಟು ಇದ್ದವರನ್ನು ಬಿಟ್ಟಿತು. ಸಣ್ಣವರನ್ನು ಹೊರಗಿಡುವ ಈ ‘ಮಿತಿ’ಯ ಕಲ್ಪನೆ ಅಂದಿನಿಂದ ಇಂದಿನವರೆಗೆ ಎಲ್ಲ ಮಾರಾಟ ತೆರಿಗೆಗಳಲ್ಲೂ ಉಳಿದುಬಂದಿದೆ. ಮೈಸೂರಿನಲ್ಲಿ ಮಾರಾಟ ತೆರಿಗೆ ಕಾನೂನು ಆದದ್ದು 1948ರಲ್ಲಿ. ಕೆ.ಜಿ.ಎಫ್.ನಿಂದ ಹೆಚ್ಚು ದೂರವಿಲ್ಲದ ಕುಪ್ಪಂ ಆಗ ಮದರಾಸಿಗೆ ಸೇರಿತ್ತು. ಅಂದರೆ ಸುಮಾರು ಒಂಬತ್ತು ವರ್ಷ ಗಡಿಯ ಆಚೆ ಮಾರಾಟ ತೆರಿಗೆ ಇತ್ತು, ಈಚೆ ಇರಲಿಲ್ಲ.

ಮುಂದೆ ಕಾನೂನುಗಳು ಒಂದರ ಮೇಲೊಂದು ಬಂದವು. ರಾಜ್ಯದ ಏಕೀಕರಣದ ನಂತರ 1957ರ ಮಾರಾಟ ತೆರಿಗೆ ಕಾಯ್ದೆ ಇಡೀ ರಾಜ್ಯಕ್ಕೆ ಒಂದಾಯಿತು. ಊರ ಬಾಗಿಲಲ್ಲಿ ಪುರಸಭೆಗಳು ವಸೂಲು ಮಾಡುತ್ತಿದ್ದ ಆಕ್ಟ್ರಾಯ್ ಸುಂಕ 1979ರಲ್ಲಿ ರದ್ದಾಗಿ ಪ್ರವೇಶ ತೆರಿಗೆ ಬಂದಿತು. 2005ರ ಏಪ್ರಿಲ್ 1ರಿಂದ ಮೌಲ್ಯವರ್ಧಿತ ತೆರಿಗೆ, ಅಂದರೆ ವ್ಯಾಟ್. 2017ರ ಜುಲೈ 1ರಿಂದ ಸರಕು ಮತ್ತು ಸೇವಾ ತೆರಿಗೆ, ಅಂದರೆ ಜಿ.ಎಸ್.ಟಿ. ಅದರೊಂದಿಗೆ ರಾಜ್ಯದ ಗಡಿಗಳಲ್ಲಿದ್ದ ವಾಣಿಜ್ಯ ತೆರಿಗೆ ತನಿಖಾ ಠಾಣೆಗಳು ಮುಚ್ಚಿದವು. ಸುಂಕದಕಟ್ಟೆಯ ಕೊನೆಯ ರೂಪ ಅಲ್ಲಿಗೆ ಮುಗಿಯಿತು. ಅಲ್ಲಿ ನಡೆಯುತ್ತಿದ್ದ ಎಣಿಕೆಯ ಕೆಲಸ ಅಂಗಡಿಯ ಗಲ್ಲಾಪೆಟ್ಟಿಗೆಗೆ ಬಂದಿತು.

ಹಳೆಯ ಪದ್ಧತಿಯ ಮರುಹುಟ್ಟು

ಲೆಕ್ಕ ಬರೆಯುವುದು ಎಲ್ಲರಿಗೂ ಸಾಧ್ಯವಿಲ್ಲ ಎಂಬುದು ಸರ್ಕಾರಕ್ಕೂ ಗೊತ್ತು. ಆದ್ದರಿಂದ ಮಗ್ಗದೆರೆಯ ಸರಳತೆಯನ್ನು ಹೊಸ ರೂಪದಲ್ಲಿ ತರುವ ಪ್ರಯತ್ನಗಳು ಆಗಾಗ ನಡೆದಿವೆ. 1992ರಲ್ಲಿ, ಡಾ. ಮನಮೋಹನ ಸಿಂಗ್ ಹಣಕಾಸು ಸಚಿವರಾಗಿದ್ದಾಗ, ವರ್ಷಕ್ಕೆ ಐದು ಲಕ್ಷ ರೂಪಾಯಿವರೆಗೆ ವಹಿವಾಟು ಇರುವ ಚಿಲ್ಲರೆ ವ್ಯಾಪಾರಿಗಳು 1,400 ರೂಪಾಯಿ ಕಟ್ಟಿದರೆ ಆದಾಯ ತೆರಿಗೆಯ ಹೊಣೆ ತೀರಿತು ಎಂಬ ಯೋಜನೆ ಬಂದಿತು. ಕೆಲವೇ ವರ್ಷಗಳಲ್ಲಿ ಅದು ನಿಂತುಹೋಯಿತು. ಅದರ ಜಾಗದಲ್ಲಿ ವಹಿವಾಟಿನ ಇಂತಿಷ್ಟು ಭಾಗವೇ ಲಾಭ ಎಂದು ಅಂದಾಜು ಮಾಡುವ ಪದ್ಧತಿ ನೆಲೆಗೊಂಡಿತು.

ಅದರ ಲೆಕ್ಕ ಹೀಗಿದೆ. ವಹಿವಾಟು ಎರಡು ಕೋಟಿ ಮೀರದ ಸಣ್ಣ ವ್ಯಾಪಾರಿ ಬಂದ ಹಣದ ಶೇಕಡಾ 8ರಷ್ಟನ್ನು ತನ್ನ ಆದಾಯ ಎಂದು ತೋರಿಸಬಹುದು. ಬ್ಯಾಂಕ್ ಅಥವಾ ಯುಪಿಐ ಮೂಲಕ ಬಂದ ಹಣವಾದರೆ ಶೇಕಡಾ 6 ಸಾಕು. ವರ್ಷಕ್ಕೆ 30 ಲಕ್ಷ ರೂಪಾಯಿ ವಹಿವಾಟು ಪೂರ್ತಿ ನಗದಿನಲ್ಲಾದರೆ ಅಂದಾಜು ಆದಾಯ 2.40 ಲಕ್ಷ. ಪೂರ್ತಿ ಯುಪಿಐಯಲ್ಲಾದರೆ 1.80 ಲಕ್ಷ. ಬೇರೆ ಆದಾಯ ಇಲ್ಲದಿದ್ದರೆ ಇಷ್ಟಕ್ಕೆ ಆದಾಯ ತೆರಿಗೆ ಬೀಳುವುದಿಲ್ಲ. ಅಂದರೆ ಈ ವಿಷಯದಲ್ಲಿ ಕ್ಯೂಆರ್ ಫಲಕ ತೆಗೆದುಹಾಕಿದವರಿಗೆ ಲಾಭಕ್ಕಿಂತ ನಷ್ಟವೇ ಹೆಚ್ಚು.

ವಹಿವಾಟು ಬೇರೆ, ಲಾಭ ಬೇರೆ

ಜಿ.ಎಸ್.ಟಿ.ಯಲ್ಲಿ ಹೊಸ ವ್ಯಾಪಾರಿ ಎಡವುವುದು ಹೆಚ್ಚಾಗಿ ಒಂದೇ ಕಡೆ. ಮಿತಿಯನ್ನು ಅಳೆಯುವುದು ಲಾಭದಿಂದಲ್ಲ, ಒಟ್ಟು ಮಾರಾಟದಿಂದ. ಕರ್ನಾಟಕದಲ್ಲಿ ಸರಕು ಮಾತ್ರ ಮಾರುವವರ ವಾರ್ಷಿಕ ವಹಿವಾಟು 40 ಲಕ್ಷ ಮೀರಿದರೆ, ಸೇವೆ ಒದಗಿಸುವವರದು 20 ಲಕ್ಷ ಮೀರಿದರೆ ನೋಂದಣಿ ಕಡ್ಡಾಯ. ದಿನದ ಲೆಕ್ಕಕ್ಕೆ ಇಳಿಸಿದರೆ ಮೊದಲನೆಯದು ಸರಾಸರಿ 11,000 ರೂಪಾಯಿ, ಎರಡನೆಯದು 5,500 ರೂಪಾಯಿಯ ಹತ್ತಿರ ಬರುತ್ತದೆ. ನೂರು ರೂಪಾಯಿ ವ್ಯಾಪಾರದಲ್ಲಿ ಐದು ಹತ್ತು ರೂಪಾಯಿ ಉಳಿಯುವ ಅಂಗಡಿಗೆ ದಿನಕ್ಕೆ ಹನ್ನೊಂದು ಸಾವಿರ ವ್ಯಾಪಾರ ಎಂದರೆ ಶ್ರೀಮಂತಿಕೆಯಲ್ಲ. ಕಾನೂನು ಅದನ್ನು ನೋಡುವುದಿಲ್ಲ.

ಬಂಗಾರಪೇಟೆಯ ಪಾನಿಪೂರಿಯನ್ನೇ ತೆಗೆದುಕೊಳ್ಳಬಹುದು. ನೀರಿನಂತೆ ತಿಳಿಯಾಗಿರುವ ಅದರ ಪಾನಿಯಿಂದಾಗಿ ಆ ಊರಿನ ಹೆಸರು ಬೆಂಗಳೂರಿನ ಬೀದಿಬೀದಿಯ ಫಲಕಗಳ ಮೇಲೆ ಕಾಣುತ್ತದೆ. ತಟ್ಟೆಯಲ್ಲಿ ಹಾಕಿ ಅಲ್ಲೇ ತಿನ್ನಲು ಕೊಡುವುದು ಕಾನೂನಿನ ದೃಷ್ಟಿಯಲ್ಲಿ ಹೋಟೆಲಿನಂತೆ ಸೇವೆ. ಆದ್ದರಿಂದ ಅದಕ್ಕೆ 20 ಲಕ್ಷದ ಮಿತಿ. ಪಕ್ಕದಲ್ಲಿ ಪೊಟ್ಟಣದ ಸರಕು ಮಾತ್ರ ಮಾರುವ ಅಂಗಡಿಗೆ 40 ಲಕ್ಷ. ಒಂದೇ ಸಾಲಿನ ಎರಡು ಅಂಗಡಿಗಳಿಗೆ ಎರಡು ಮಿತಿ ಇರುವುದು ಹೀಗೆ. ಟೈಲರ್, ಮೊಬೈಲ್ ರಿಪೇರಿಯವರು ಕೂಡ ಸೇವೆಯ ಪಟ್ಟಿಯಲ್ಲೇ ಬರುತ್ತಾರೆ.

ಇನ್ನೊಂದು ಸೂಕ್ಷ್ಮವಿದೆ. ತಾಜಾ ತರಕಾರಿ, ಹಾಲಿನಂಥ ವಿನಾಯಿತಿ ಪಡೆದ ವಸ್ತುಗಳನ್ನು ಮಾತ್ರ ಮಾರುವವರಿಗೆ ಎಷ್ಟೇ ವ್ಯಾಪಾರವಾದರೂ ನೋಂದಣಿ ಬೇಕಿಲ್ಲ. ಆದರೆ ಹಾಲಿನ ಜೊತೆ ಬಿಸ್ಕತ್ತು, ಸೋಪು ಇಟ್ಟರೆ ಮಿತಿಯ ಲೆಕ್ಕಕ್ಕೆ ಹಾಲಿನ ಮಾರಾಟವೂ ಸೇರುತ್ತದೆ. ಹಾಲಿಗೆ ತೆರಿಗೆ ಇಲ್ಲ, ಆದರೆ ಎಣಿಕೆಯಲ್ಲಿ ಅದು ಇದೆ. ಯುಪಿಐ ಮೊತ್ತ ನೋಡಿ ನೋಟಿಸ್ ಕೊಟ್ಟಾಗ ಯಾವುದು ಹಾಲು, ಯಾವುದು ಸೋಪು ಎಂದು ಬಿಡಿಸಿ ಹೇಳಬೇಕಾದವನು ಅಂಗಡಿಯವನು. ಪುಸ್ತಕ ಇಲ್ಲದಿದ್ದರೆ ಹೇಳುವುದು ಹೇಗೆ? ಮಗನ ಫೀಸಿಗೆಂದು ನೆಂಟರು ಕಳುಹಿಸಿದ ಹಣವೂ ಅದೇ ಖಾತೆಗೆ ಬಂದಿದ್ದರೆ ಗೊಂದಲ ಇಮ್ಮಡಿಯಾಗುತ್ತದೆ. ಅಂಗಡಿಗೆ ಬೇರೆ ಖಾತೆ, ಮನೆಗೆ ಬೇರೆ ಖಾತೆ ಎಂಬ ಆಡಿಟರುಗಳ ಮಾತಿನ ಹಿಂದಿರುವುದು ಈ ಕಾರಣ.

ಗಡಿ ಊರಿನ ವ್ಯಾಪಾರಿಗೆ ಮತ್ತೂ ಒಂದು ಎಚ್ಚರಿಕೆ ಬೇಕು. ಕೆ.ಜಿ.ಎಫ್.ಗೆ ಆಂಧ್ರವೂ ತಮಿಳುನಾಡೂ ಹತ್ತಿರ. ತೆರಿಗೆ ಬೀಳುವ ಸರಕನ್ನು ತಾನೇ ಗಡಿಯಾಚೆಗೆ ಕಳುಹಿಸಿ ಮಾರಿದರೆ ಅದು ಅಂತರರಾಜ್ಯ ಮಾರಾಟ. ಕೆಲವು ಕರಕುಶಲ ವಸ್ತುಗಳಂಥ ಅಪವಾದ ಬಿಟ್ಟರೆ, ಅದಕ್ಕೆ 40 ಲಕ್ಷದ ರಿಯಾಯಿತಿ ಅನ್ವಯಿಸುವುದಿಲ್ಲ. ಮೊದಲ ರೂಪಾಯಿಯಿಂದಲೇ ನೋಂದಣಿ ಬೇಕು. ನಂಗಲಿಯ ಎಲ್ಲೆ ಹೊಯ್ಸಳರ ಕಾಲದಂತೆ ಇಂದಿಗೂ ವ್ಯಾಪಾರಿಯ ಲೆಕ್ಕ ಬದಲಿಸುತ್ತಲೇ ಇದೆ.

ಮಿತಿ ಮೀರಿದ 30 ದಿನಗಳೊಳಗೆ ನೋಂದಣಿಗೆ ಅರ್ಜಿ ಹಾಕಬೇಕು. ಅದಕ್ಕೆ ಸರ್ಕಾರಿ ಶುಲ್ಕ ಇಲ್ಲ. ಒಂದೂವರೆ ಕೋಟಿ ರೂಪಾಯಿವರೆಗೆ ವಹಿವಾಟು ಇರುವ ವ್ಯಾಪಾರಿಗಳು ‘ರಾಜಿ ತೆರಿಗೆ’ ಅಥವಾ ಕಾಂಪೋಸಿಷನ್ ಪದ್ಧತಿ ಆರಿಸಿಕೊಳ್ಳಬಹುದು. ತೆರಿಗೆಗೆ ಒಳಪಡುವ ಮಾರಾಟದ ಶೇಕಡಾ 1, ಹೋಟೆಲಿನವರಿಗೆ ಶೇಕಡಾ 5. ಬೇರೆ ಸೇವೆಯವರಿಗೆ 50 ಲಕ್ಷದವರೆಗೆ ಶೇಕಡಾ 6ರ ಸೌಲಭ್ಯ ಇದೆ. ಮೂರು ತಿಂಗಳಿಗೊಮ್ಮೆ ಕಟ್ಟಿ, ವರ್ಷಕ್ಕೊಮ್ಮೆ ಲೆಕ್ಕ ಒಪ್ಪಿಸಿದರೆ ಸಾಕು. 60 ಲಕ್ಷದ ಕಿರಾಣಿ ವ್ಯಾಪಾರ ಪೂರ್ತಿ ತೆರಿಗೆಗೆ ಒಳಪಟ್ಟರೂ ವರ್ಷಕ್ಕೆ 60,000 ರೂಪಾಯಿ. ಆದರೆ ಇದನ್ನು ಗಿರಾಕಿಯಿಂದ ಬೇರೆಯಾಗಿ ವಸೂಲು ಮಾಡುವಂತಿಲ್ಲ, ಹೊರರಾಜ್ಯಕ್ಕೆ ಸರಕು ಮಾರುವಂತಿಲ್ಲ. ಹೆಂಚು, ಇಟ್ಟಿಗೆಗೆ ಹೆಸರಾದ ಮಾಲೂರು ಇದೇ ಜಿಲ್ಲೆಯಲ್ಲಿದೆ. ಅವುಗಳ ತಯಾರಕರಿಗೆ 2022ರಿಂದ ಈ ಪದ್ಧತಿ ಇಲ್ಲ.

ಇವುಗಳ ಜೊತೆಗೆ ವೃತ್ತಿ ತೆರಿಗೆ ಇದೆ. ಸಂವಿಧಾನದ 276ನೆಯ ವಿಧಿಯಂತೆ ಅದು ಒಬ್ಬರಿಗೆ ವರ್ಷಕ್ಕೆ 2,500 ರೂಪಾಯಿ ಮೀರುವಂತಿಲ್ಲ. ನಗರಸಭೆಯ ಉದ್ದಿಮೆ ಪರವಾನಗಿ, ಕಾರ್ಮಿಕ ಇಲಾಖೆಯಲ್ಲಿ ಅಂಗಡಿಯ ನೋಂದಣಿ ಇವು ತೆರಿಗೆಯಲ್ಲ. ಇವುಗಳಲ್ಲಿ ಒಂದನ್ನು ಮಾಡಿಸಿದ ಮಾತ್ರಕ್ಕೆ ಜಿ.ಎಸ್.ಟಿ.ಯ ಹೊಣೆ ತೀರಿತು ಎಂದು ತಿಳಿದರೆ ತಪ್ಪು.

ಮೊದಲೇ ತಿಳಿದಿದ್ದರೆ

ಜಿ.ಎಸ್.ಟಿ. ಮೂಲತಃ ಗಿರಾಕಿ ಕೊಡುವ ತೆರಿಗೆ. ಅಂಗಡಿಯವನು ಅದನ್ನು ಸಂಗ್ರಹಿಸಿ ಸರ್ಕಾರಕ್ಕೆ ಮುಟ್ಟಿಸುವವನು. ನೋಂದಣಿ ಇಲ್ಲದವನು ಗಿರಾಕಿಯಿಂದ ತೆರಿಗೆ ಪಡೆಯುವಂತಿಲ್ಲ. ಮಿತಿ ಮೀರಿದ್ದು ತಿಳಿಯದೆ ಮೂರು ನಾಲ್ಕು ವರ್ಷ ಕಳೆದ ಮೇಲೆ ಬಾಕಿ ಕೇಳಿದರೆ, ಅಂದು ಟೀ ಕುಡಿದು ಹೋದ ಗಿರಾಕಿಯನ್ನು ಹುಡುಕಿಕೊಂಡು ಹೋಗಲು ಆಗುತ್ತದೆಯೇ? ಪೂರ್ತಿ ಭಾರ ಅವನ ಬಂಡವಾಳದ ಮೇಲೆ ಬೀಳುತ್ತದೆ. 2025ರ ನೋಟಿಸುಗಳು ಅಷ್ಟು ಭಯ ಹುಟ್ಟಿಸಿದ್ದಕ್ಕೆ ಕಾರಣ ಇದೇ.

ನೋಟಿಸೇ ಅಂತಿಮವಲ್ಲ, ದಾಖಲೆ ಸಮೇತ ಉತ್ತರ ಕೊಡಬಹುದು ಎಂದು ಇಲಾಖೆ ಸ್ಪಷ್ಟಪಡಿಸಿತು. ವ್ಯಾಪಾರಿ ಸಂಘಗಳು ಬಂದ್‌ಗೆ ಕರೆ ಕೊಟ್ಟವು. ಜುಲೈ 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ವ್ಯಾಪಾರಿಗಳ ಪ್ರತಿನಿಧಿಗಳೊಡನೆ ಸಭೆ ನಡೆಸಿ, ನೋಂದಣಿ ಮಾಡಿಸಿಕೊಂಡರೆ ಹಳೆಯ ಬಾಕಿ ವಸೂಲು ಮಾಡುವುದಿಲ್ಲ ಎಂದು ಭರವಸೆ ಕೊಟ್ಟರು. ಬಂದ್ ಕರೆ ಹಿಂದಕ್ಕೆ ಹೋಯಿತು. ಕೊಂಡೋಜನ ಕಾಲದಲ್ಲಿ ಒಂದು ಕಸುಬಿನವರಿಗೆ ಅರಮನೆಯಿಂದ ಬಂದ ರಿಯಾಯಿತಿ, ಈ ಬಾರಿ ಸಂಘಟನೆಯ ಒತ್ತಡದಿಂದ ಸಾವಿರಾರು ಜನರಿಗೆ ಬಂದಿತು.

ರಿಯಾಯಿತಿ ಪ್ರತಿಸಲವೂ ಬರುವುದಿಲ್ಲ. ಮಗ್ಗದೆರೆಯ ಕಾಲದ ನೇಕಾರನಿಗೆ ತನ್ನ ತೆರಿಗೆ ಭಾರವೆನಿಸಿದರೂ ಅದು ಎಷ್ಟೆಂಬುದು ಮೊದಲೇ ಗೊತ್ತಿತ್ತು. ಇಂದಿನ ತೆರಿಗೆ ಅನೇಕ ಸಣ್ಣವರಿಗೆ ಅಷ್ಟು ಭಾರವಲ್ಲ, ಬಹಳ ಜನರಿಗೆ ಬರುವುದೇ ಇಲ್ಲ. ಆದರೆ ಬರುತ್ತದೆಯೋ ಇಲ್ಲವೋ ಎಂದು ತಿಳಿಯಲು ಲೆಕ್ಕ ಇಟ್ಟಿರಬೇಕು. ಲೆಕ್ಕ ಇಡುವುದನ್ನು ಹೊಸ ವ್ಯಾಪಾರಿಗೆ ಅಂಗಡಿ ತೆರೆಯುವ ದಿನವೇ, ಅವನಿಗೆ ತಿಳಿಯುವ ಭಾಷೆಯಲ್ಲಿ ಹೇಳಿಕೊಡುವವರು ಇರಬೇಕು. ಉದ್ದಿಮೆ ಪರವಾನಗಿ ಕೊಡುವ ನಗರಸಭೆ, ಸಾಲ ಕೊಡುವ ಬ್ಯಾಂಕ್, ವಾಣಿಜ್ಯ ತೆರಿಗೆ ಇಲಾಖೆ ಮೂವರೂ ಆ ಕೆಲಸ ಮಾಡಬಹುದು. ಕನ್ನಡ, ತಮಿಳು, ತೆಲುಗು, ಉರ್ದು ಒಂದೇ ಬೀದಿಯಲ್ಲಿ ಕೇಳಿಬರುವ ರಾಬರ್ಟ್‌ಸನ್‌ಪೇಟೆಯಂಥ ಕಡೆ ಇದರ ಅಗತ್ಯ ಹೆಚ್ಚು.

ಅಲ್ಲಿಯವರೆಗೆ ನೂರು ಹಾಳೆಯ ಒಂದು ನೋಟ್‌ಬುಕ್, ದಿನದ ಕೊನೆಗೆ ನಾಲ್ಕು ಸಾಲು: ಇಂದು ಎಷ್ಟು ಮಾರಿತು, ನಗದು ಎಷ್ಟು, ಯುಪಿಐ ಎಷ್ಟು, ತೆರಿಗೆ ಇಲ್ಲದ ಸರಕು ಎಷ್ಟು. ಸುಂಕದವನು ಸುಖದುಃಖ ಕೇಳದಿದ್ದರೂ ಬರೆದಿಟ್ಟ ಲೆಕ್ಕವನ್ನು ನೋಡಲೇಬೇಕಾಗುತ್ತದೆ.